ಐದು ದಿಂಬು, ಒಂದು ಕುತ್ತಿಗೆ

ನವೆಂಬರ್ 25, ಸೋಮವಾರ

ಹೆಸರು ನೇತ್ರಾವತಿ. ವಯಸ್ಸು ನಲವತ್ಮೂರು. ಊರು ಬಾಗೂರು. ಕೆಲಸ ರವಿಕೆ ಹೊಲಿಯುವುದು. ನೋವು ಎಡಗಿವಿಯ ಕೆಳಗಿನಿಂದ ಹಿಡಿದು ಭುಜದವರೆಗೆ. ಕುತ್ತಿಗೆ ಬಲಕ್ಕೆ ತಿರುಗುವುದಿಲ್ಲ. ಕಾರಣ: ಗಂಡ.

ಕೊನೆಯ ಪದವನ್ನು ಹೊಡೆದು ಹಾಕಿ 'ಹೊಲಿಗೆ ಮೆಷಿನ್' ಎಂದು ಬರೆದಿದ್ದೇನೆ. ದಿನಾ ಬೆಳಗ್ಗೆ ನೋವು ಎಷ್ಟಿದೆ, ಯಾವ ದಿಂಬಿನ ಮೇಲೆ ಮಲಗಿದ್ದೆ ಎಂದು ಬರೆದಿಡಲು ಮೀನಾಕ್ಷಿ ಮೇಡಂ ಹೇಳಿದ್ದಾರೆ. ಹೊಸದುರ್ಗದಲ್ಲಿ ಫಿಸಿಯೋಥೆರಪಿ ಮಾಡುವವರು. ಅವರಿಗೆ ಬೇರೆ ಚೀಟಿ ಕೊಟ್ಟರಾಯಿತು, ಇದು ನನಗೆ. ಮನೆಯಲ್ಲಿ ಮಾತಾಡುವುದಕ್ಕೆ ಆಗದವಳು ಬರೆದಾದರೂ ಹಗುರಾಗಬೇಕಲ್ಲ.

ಮೇಡಂ ಇವತ್ತು ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಸಂತೆಯಲ್ಲಿ ಕುಂಬಳಕಾಯಿ ನೋಡುವ ಹಾಗೆ ಆ ಕಡೆ ಈ ಕಡೆ ತಿರುಗಿಸಿದರು. ಎಡಕ್ಕೆ ಸಲೀಸಾಗಿ ಹೋಯಿತು. ಬಲಕ್ಕೆ ತಿರುಗಿಸಿದಾಗ ನಾನು ಕೂಗಿದ ಕೂಗಿಗೆ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದವರೊಬ್ಬರು ಎದ್ದು ಮನೆಗೆ ಹೋದರಂತೆ.

"ಮಲಗೋದು ಯಾವ ಮಗ್ಗುಲಿಗೆ?" ಎಂದರು ಮೇಡಂ.

"ಎಡಕ್ಕೆ. ಗೋಡೆ ಕಡೆ."

"ರಾತ್ರಿಯೆಲ್ಲ ಒಂದೇ ಮಗ್ಗುಲಾ? ಬಲಕ್ಕೆ ಯಾಕೆ ತಿರುಗಲ್ಲ?"

"ಆ ಕಡೆ ಫ್ಯಾನ್ ಗಾಳಿ ಜಾಸ್ತಿ ಮೇಡಂ."

"ಈ ಚಳೀಲಿ ಫ್ಯಾನ್ ಹಾಕ್ಕಂಡು ಮಲಗ್ತೀರಾ?"

ಆ ಕಡೆ ಇರುವುದು ಫ್ಯಾನಲ್ಲ, ಆ ಮನುಷ್ಯ. ದೀಪಾವಳಿ ಪಾಡ್ಯದಿಂದ ನಾವು ಮಾತು ಬಿಟ್ಟಿದ್ದೇವೆ. ಇದನ್ನು ಮೇಡಂ ಮುಂದೆ ಹೇಳಲಿಕ್ಕಾಗುತ್ತದೆಯೇ? ಅವರು ನೋಡುವುದು ಮೂಳೆ ಮಾತ್ರ.

ಪಾಡ್ಯದ ದಿನ ಕುರಿಗಳಿಗೆಲ್ಲ ಬಣ್ಣ ಹಚ್ಚಿ ಬೀದಿಯಲ್ಲಿ ಮೆರೆಸುತ್ತಾರೆ. ಆ ಮನುಷ್ಯನಿಗೆ ಒಂದು ಟಗರಿದೆ, ಪೈಲ್ವಾನ ಅಂತ ಹೆಸರು. ಅದಕ್ಕೆ ಬಣ್ಣ ಸಾಲದೆಂದು ನನ್ನ ಪೆಟ್ಟಿಗೆ ತೆಗೆದು, ನನ್ನ ಮದುವೆ ಕಂಬಳಿಯನ್ನು ಅದರ ಬೆನ್ನಿಗೆ ಹೊದಿಸಿ ಹೊರಟ. ಜವನಗೊಂಡನಹಳ್ಳಿಯಲ್ಲಿ ನಮ್ಮಪ್ಪ ತಾನೇ ಕೂತು ನೇಯಿಸಿದ ಕಂಬಳಿ ಅದು. ಅದರ ಮೇಲೆ ಕೂತೇ ನಾವು ಧಾರೆ ಎರೆಸಿಕೊಂಡಿದ್ದು. ನಾನು ಓಡಿ ಬಂದು ಬಾಯಿ ಬಡಿದುಕೊಂಡರೆ, ಬೀದಿಯ ಜನವೆಲ್ಲ ಕೇಳುವ ಹಾಗೆ, "ನಿನಗಿಂತ ಇವನಿಗೇ ಚೆಂದ ಒಪ್ತೈತೆ ಬಿಡೇ" ಅಂದ. ಬೀದಿಯೆಲ್ಲ ನಕ್ಕಿತು. ಟಗರು ನಿಂತ ನಿಲುವಿನಲ್ಲೇ ಕಂಬಳಿಯ ಅಂಚು ಮೆಲ್ಲುತ್ತಿತ್ತು.

ತಪ್ಪಾಯಿತು ಅನ್ನುವವರೆಗೆ ಒಂದು ಮಾತೂ ಆಡುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದೆ. ತಮಾಷೆಗೆಲ್ಲ ತಪ್ಪಾಯಿತು ಅನ್ನುವ ಜಾತಿಯಲ್ಲ ತಾನು ಎಂದು ಆ ಮನುಷ್ಯನೂ ತೀರ್ಮಾನಿಸಿದ. ಅಲ್ಲಿಂದ ನಾನು ಗೋಡೆ ಕಡೆ, ಅವನು ಬಾಗಿಲ ಕಡೆ.

ನೋವು: ತುಂಬ. ದಿಂಬು: ಹಳೆಯದು.

ನವೆಂಬರ್ 27, ಬುಧವಾರ

ಮೇಡಂ ಹೇಳಿದ ಪಾಠ ಮರೆಯುವ ಮೊದಲು ಬರೆದಿಡುತ್ತೇನೆ. ಮಗ್ಗುಲಾಗಿ ಮಲಗಿದಾಗ ಕಿವಿಗೂ ಭುಜದ ತುದಿಗೂ ನಡುವೆ ಒಂದು ಸಂದು ಬೀಳುತ್ತದಲ್ಲ, ಅದನ್ನು ದಿಂಬು ತುಂಬಬೇಕು. ಹೆಚ್ಚಾದರೆ ತಲೆ ಮೇಲೆದ್ದು, ಕಮ್ಮಿಯಾದರೆ ಕೆಳಗೆ ವಾಲಿ, ಎರಡರಲ್ಲೂ ಕುತ್ತಿಗೆ ಸಾಯುತ್ತದೆ. ತಲೆ ಮತ್ತು ಕುತ್ತಿಗೆ ಮಾತ್ರ ದಿಂಬಿನ ಮೇಲೆ, ಭುಜ ಕೆಳಗೆ. ದಿಂಬು ಬದುಕಿದೆಯೋ ಸತ್ತಿದೆಯೋ ತಿಳಿಯಲು ಅದನ್ನು ನಡುವೆ ಮಡಚಿ ಬಿಡಬೇಕು. ತಟ್ಟನೆ ಬಿಚ್ಚಿಕೊಂಡರೆ ಜೀವ ಇದೆ ಎಂದರ್ಥ.

ನಮ್ಮ ದಿಂಬನ್ನು ಮಡಚಿ ಬಿಟ್ಟೆ. ಮಡಚಿದ ಹಾಗೆಯೇ ಮಲಗಿಬಿಟ್ಟಿತು. ಮದುವೆಯ ವರ್ಷ ತುಂಬಿಸಿದ ಬೂರುಗದ ಅರಳೆ; ಈಗ ನಡುವೆ ರೊಟ್ಟಿ, ಎರಡು ತುದಿಯಲ್ಲಿ ಮುದ್ದೆ.

ಮಗಳು ಮೋನಿಕಾಗೆ ಫೋನ್ ಮಾಡಿದೆ. ಚಿತ್ರದುರ್ಗದ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಾಳೆ. ಹೊಸ ನಮೂನೆಯ ಫೋಮ್ ದಿಂಬು ಆನ್‌ಲೈನಿನಲ್ಲಿ ತರಿಸುತ್ತೇನೆ ಎಂದಳು.

"ಅಪ್ಪಂಗೂ ಒಂದು ಹಾಕ್ಲೇನಮ್ಮ?"

"ನಿಮ್ಮಪ್ಪಂಗೆ ಟಗರು ಐತೆ. ಅದರ ಮ್ಯಾಲೆ ಒರಗಿಕೊಳ್ಳಲಿ."

"ಇನ್ನೂ ಮಾತು ಬಿಟ್ಟೇ ಅದೀರಾ?" ಎಂದು ನಕ್ಕಳು. ಮಕ್ಕಳಿಗೆ ಎಲ್ಲವೂ ತಮಾಷೆ.

ಡಿಸೆಂಬರ್ 3, ಮಂಗಳವಾರ

ದಿಂಬು ಬಂತು. ಪ್ಲಾಸ್ಟಿಕ್ಕಿನಲ್ಲಿ ಚಪಾತಿ ಸುತ್ತಿದ ಹಾಗೆ ಸುತ್ತಿದ್ದರು. ಕತ್ತರಿ ಹಾಕಿದ್ದೇ ತಡ, ಉಸ್ ಎಂದು ಉಬ್ಬತೊಡಗಿತು. ನಮ್ಮತ್ತೆ ಓಬಕ್ಕ ಬಾಗಿಲವರೆಗೆ ಹಿಂದೆ ಸರಿದರು.

"ನೇತ್ರಿ, ಉಸಿರಾಡ್ತೈತೆ ಕಣೇ ಅದು! ಮುಟ್ಟಬ್ಯಾಡ!"

ಆಮೇಲೆ ಅವರೇ ಧೈರ್ಯ ಮಾಡಿ ಅಂಗೈ ಒತ್ತಿದರು. ಕೈ ತೆಗೆದ ಮೇಲೂ ಐದು ಬೆರಳಿನ ಗುರುತು ನಿಂತಿತ್ತು, ನಿಧಾನವಾಗಿ ಮಾಯವಾಯಿತು. ಅತ್ತೆಗೆ ಇದು ಎಷ್ಟು ಹಿಡಿಸಿತೆಂದರೆ ಮಧ್ಯಾಹ್ನವೆಲ್ಲ ಕೂತು ಒತ್ತಿದ್ದೇ ಒತ್ತಿದ್ದು. ಪಕ್ಕದ ಮನೆಯವರನ್ನೂ ಕರೆದು ಒತ್ತಿಸಿದರು.

ಆ ಮನುಷ್ಯ ಸಂಜೆ ಬಂದು ದಿಂಬನ್ನು ದೂರದಿಂದ ನೋಡಿದ. ಅವನ ಬಾಯಿ ಏನೋ ತಮಾಷೆಗೆ ತೆರೆದು ಮತ್ತೆ ಮುಚ್ಚಿಕೊಂಡಿತು. ನಾನು "ಅತ್ತೆ, ಊಟಕ್ಕೆ ಎದ್ದು ಬರ್ಬೇಕಂತೆ ಅಂತ ಹೇಳ್ರಿ, ಮುದ್ದೆ ಆರ್ತೈತೆ" ಎಂದೆ. ಮಾತು ಬಿಟ್ಟ ಮೇಲೆ ನಮ್ಮ ನಡುವೆ ಪೋಸ್ಟಾಫೀಸು ಅತ್ತೆಯೇ. ಆದರೆ ಈ ಪೋಸ್ಟಾಫೀಸಿನಲ್ಲಿ ಕಾಗದ ಒಡೆದು, ತಿದ್ದಿ, ಆಮೇಲೆ ಬಟವಾಡೆ ಮಾಡುತ್ತಾರೆ.

"ಲೇ ರಂಗ," ಎಂದು ಕೂಗಿದರು, "ನೀನು ಉಣ್ಣದೆ ಅವಳಿಗೆ ತುತ್ತು ಇಳಿಯಲ್ವಂತೆ, ಬಾರಪ್ಪ."

ನಾನೆಲ್ಲಿ ಹಾಗೆ ಅಂದೆ? ಅಲ್ಲ ಎನ್ನಲು ಅವನ ಜೊತೆ ಮಾತಾಡಬೇಕು. ಹಲ್ಲು ಕಚ್ಚಿಕೊಂಡು ಬಡಿಸಿದೆ.

ಡಿಸೆಂಬರ್ 9, ಸೋಮವಾರ

ಫೋಮ್ ದಿಂಬಿನ ಬಣ್ಣ ಬಯಲಾಯಿತು. ಮಲಗುವಾಗ ಬೆಣ್ಣೆ, ಚಳಿ ಏರಿದ ಹಾಗೆ ಗಟ್ಟಿಯಾಗಿ ಬೆಳಗಿನ ಜಾವಕ್ಕೆ ಚಿತ್ರದುರ್ಗದ ಬಂಡೆ. ತಲೆ ಹೂತುಕೊಂಡ ಗುಂಡಿಯಿಂದ ಏಳಬೇಕಾದರೆ ಎರಡು ಕೈಯಲ್ಲಿ ತಲೆಯನ್ನು ಎತ್ತಿಕೊಳ್ಳಬೇಕು. ಅತ್ತೆಗೆ ಕೊಟ್ಟುಬಿಟ್ಟೆ. ಅವರು ಹಳೆಯ ಅರಳೆ ದಿಂಬನ್ನೂ ಎತ್ತಿಕೊಂಡು ಹೋದರು.

"ಸಂಕ್ರಾಂತಿ ಆದ ಮ್ಯಾಲೆ ಮಂದೆ ಎಬ್ಬಿಸ್ತಾನಂತೆ," ಎಂದರು ಹೋಗುತ್ತಾ.

ಹೌದು, ಅದೊಂದು ಇದೆ. ಸುಗ್ಗಿ ಮುಗಿದ ಮೇಲೆ ನಮ್ಮವರ ಕುರಿಮಂದೆ ಹೊಳಲ್ಕೆರೆ ದಾಟಿ ಭದ್ರಾ ಚಾನೆಲ್ಲಿನ ಗದ್ದೆ ಬಯಲಿಗೆ ಹೋಗುತ್ತದೆ. ಗೊಬ್ಬರಕ್ಕೆಂದು ರೈತರು ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ತಿರುಗಿ ಬರುವುದು ಮುಂಗಾರಿಗೆ. ಹೊರಡುವ ಬೆಳಗ್ಗೆ ಕುರಿಗಾರನ ಹೆಂಡತಿ ಕುರಿ ಕೂಡುವ ರೊಪ್ಪದ ಬಾಗಿಲಲ್ಲಿ ನಿಂತು, ಅವನ ಮುಖ ನೋಡಿ, "ಹೋಗಿ ಬರ್ರಿ" ಎಂದು ಬಾಯಿಬಿಟ್ಟು ಹೇಳಬೇಕು. ಹೇಳದೆ ಮಂದೆ ಎಬ್ಬಿಸುವುದಿಲ್ಲ. ನಮ್ಮ ಮನೆಯಲ್ಲಿ ಯಾವ ವರ್ಷವೂ ಇದು ತಪ್ಪಿಲ್ಲ.

"ಈ ಸಲ ನೀವೇ ಹೇಳಿಬಿಡ್ರಿ ಅತ್ತೆ," ಎಂದೆ.

"ಹಲ್ಲಿಲ್ಲದ ಬಾಯಾಗೆ ಹೇಳಿದ್ರೆ ಕುರಿಗೆ ತಿಳಿಯಲ್ಲ ಕಣವ್ವ," ಎಂದು ಎರಡು ದಿಂಬನ್ನೂ ಕಂಕುಳಲ್ಲಿ ಇರುಕಿಕೊಂಡು ಹೊರಟುಹೋದರು.

ಅಷ್ಟರೊಳಗೆ ಆ ಮನುಷ್ಯ ತಪ್ಪಾಯಿತು ಅನ್ನಬೇಕು. ಇಲ್ಲದಿದ್ದರೆ ನಾನೇ ಮೊದಲು ಬಾಯಿ ಬಿಟ್ಟಂತಾಗುತ್ತದೆ. ಬಿಡುವುದಿಲ್ಲ. ಹೇಳದೆ ಕಳಿಸಲೂ ಎದೆ ಒಪ್ಪುವುದಿಲ್ಲ. ಇರಲಿ, ಇನ್ನೂ ದಿನ ಇದೆ.

ಡಿಸೆಂಬರ್ 14, ಶನಿವಾರ

ಕೂಸುಗಳಿಗೆ ತಲೆ ದುಂಡಗಾಗಲೆಂದು ರಾಗಿ ತುಂಬಿದ ದಿಂಬು ಇಡುತ್ತಾರೆ. ಅತ್ತೆ ಅದನ್ನೇ ನನ್ನ ಅಳತೆಗೆ ಹೊಲಿದು ಕೊಟ್ಟರು. ಮೊದಲು ನಗು ಬಂತು. ಮಲಗಿದ ಮೇಲೆ ನಗು ನಿಂತಿತು. ತಲೆ ಎಲ್ಲಿ ಇಟ್ಟರೆ ಅಲ್ಲಿ ರಾಗಿ ಸರಿದು ಜಾಗ ಮಾಡಿಕೊಡುತ್ತದೆ, ಕುತ್ತಿಗೆಯ ಕೆಳಗೆ ತಾನಾಗಿ ಏರು ನಿಲ್ಲುತ್ತದೆ. ಹೊರಳಿದರೆ ಸರಸರ ಸದ್ದು, ಅಷ್ಟೇ. ನಾನೆಲ್ಲಿ ಹೊರಳುತ್ತೇನೆ?

ನೋವು: ಅರ್ಧಕ್ಕೆ ಅರ್ಧ ಕಮ್ಮಿ. ಮೀನಾಕ್ಷಿ ಮೇಡಂಗೂ ಒಂದು ಹೊಲಿದು ಕೊಡಬೇಕು.

ಡಿಸೆಂಬರ್ 16, ಸೋಮವಾರ

ದಿಂಬಿಗೆ ಬಿಸಿಲು ತೋರಿಸೋಣವೆಂದು ಜಗಲಿ ಮೇಲೆ ಇಟ್ಟಿದ್ದೆ. ಪೈಲ್ವಾನ ಹಗ್ಗ ಕಿತ್ತುಕೊಂಡು ಬಂದು ತಿಂದಿತು. ಬಟ್ಟೆಯನ್ನೂ ಬಿಡಲಿಲ್ಲ.

ಡಿಸೆಂಬರ್ 17, ಮಂಗಳವಾರ

ನೋವು: ಜಾಸ್ತಿ. ಕೋಪ: ಅದಕ್ಕಿಂತ ಜಾಸ್ತಿ. ಟಗರು: ಆರೋಗ್ಯವಾಗಿದೆ.

ಡಿಸೆಂಬರ್ 19, ಗುರುವಾರ

ಬೆಳಗ್ಗೆ ಕಸ ಗುಡಿಸಲು ಹೊರಗೆ ಬಂದರೆ ಹಟ್ಟಿಯ ಕಂಬಕ್ಕೆ ಯಾವುದೋ ಬಡಕಲು ಪ್ರಾಣಿ ಕಟ್ಟಿದ್ದಾರೆ. ನೋಡಿ ನೋಡಿ ಆಮೇಲೆ ಗೊತ್ತಾಯಿತು, ಅದು ಪೈಲ್ವಾನ. ಮೈಮೇಲೆ ಒಂದೆಳೆ ಉಣ್ಣೆ ಇಲ್ಲ. ದಿನಾ ಬಾಚಣಿಗೆ ಹಿಡಿದು ಬಾಚಿ ಬೆಳೆಸಿದ ಉಣ್ಣೆ ಅದು, ಮೂರು ಊರಿನ ಜನ ಬಂದು ನೋಡುತ್ತಿದ್ದರು. ಚಳಿಗೆ ನಡುಗುತ್ತಾ ನನ್ನನ್ನು ನೋಡಿ ಮುಖ ಆ ಕಡೆ ತಿರುಗಿಸಿತು. ಅದಕ್ಕೂ ಮಾನ ಇದೆ.

ಒಳಗೆ ಮಂಚದ ಮೇಲೆ ಹೊಸ ದಿಂಬು. ಅದೇ ಉಣ್ಣೆ ತುಂಬಿ ಆ ಮನುಷ್ಯನೇ ಹೊಲಿದಿದ್ದಾನೆ, ಗೋಣಿಚೀಲಕ್ಕೆ ಹಾಕುವ ಹಾಗೆ ದಪ್ಪ ದಬ್ಬಳದ ಹೊಲಿಗೆ. ನನ್ನ ಮನೆಯಲ್ಲಿ ಮೆಷಿನ್ ಇದೆ, ನಾನಿದ್ದೇನೆ, ಕೇಳಬಹುದಿತ್ತು. ಆದರೆ ಕೇಳುವುದಕ್ಕೆ ಮಾತು ಬೇಕಲ್ಲ.

ಅತ್ತೆ ಮೂಸಿ ನೋಡಿ ಹೇಳಿದರು: "ಇಷ್ಟು ದಿನ ಟಗರು ಹಟ್ಟ್ಯಾಗಿತ್ತು, ಈಗ ಮಂಚಕ್ಕೆ ಬಂತು ನೋಡು."

ಮುಖ ಮುಚ್ಚಿಕೊಂಡು ನಕ್ಕೆ. ನಕ್ಕರೆ ಕುತ್ತಿಗೆ ಹಿಡಿಯುತ್ತದೆ.

ಡಿಸೆಂಬರ್ 22, ಭಾನುವಾರ

ಉಣ್ಣೆ ದಿಂಬು ಎರಡು ರಾತ್ರಿ ಚೆನ್ನಾಗಿತ್ತು, ಆಮೇಲೆ ಆರಿದ ಇಡ್ಲಿಯ ಹಾಗೆ ಗಟ್ಟಿಯಾಗಿ ಅಮುಕಿಕೊಂಡಿತು. ವಾಸನೆಗೆ ಮೂರು ಕುರಿಗಳು ಕಿಟಕಿಯ ಕೆಳಗೆ ಬಂದು ಅರಚುತ್ತವೆ. ಅತ್ತೆ ಒಳಗಿದ್ದಾರೆಂದುಕೊಂಡು, "ತಲೆನೋವು ಬರ್ತೈತೆ, ಇದು ಬ್ಯಾಡ ಅಂತ ಹೇಳ್ರಿ" ಎಂದೆ.

ಈ ಸಲ ಪೋಸ್ಟಾಫೀಸು ಮನೆಯಲ್ಲಿರಲಿಲ್ಲ; ಅತ್ತೆ ಹಿತ್ತಲಿಗೆ ಹೋಗಿದ್ದರು, ನಾನು ಹೇಳಿದ್ದು ಬಾಗಿಲಲ್ಲಿ ನಿಂತಿದ್ದ ಆ ಮನುಷ್ಯನಿಗೆ ನೇರವಾಗಿ ಕೇಳಿಸಿತು. ದಿಂಬನ್ನು ಎತ್ತಿ ಅತ್ತೆಯ ಮಂಚದ ಮೇಲಿಟ್ಟು, ತನ್ನ ಚಾಪೆ ಕಂಬಳಿ ಸುತ್ತಿಕೊಂಡು ರೊಪ್ಪಕ್ಕೆ ಹೋದ. ಗುಡ್ಡದ ಕಡೆ ಚಿರತೆ ಓಡಾಡುತ್ತಿದೆ, ಕಾವಲಿಗೆ ಅಲ್ಲೇ ಮಲಗುತ್ತಾನಂತೆ.

ಒಳ್ಳೆಯದಾಯಿತು. ಮಂಚವೆಲ್ಲ ನನ್ನದು.

ಡಿಸೆಂಬರ್ 23, ಸೋಮವಾರ

ಮಂಚವೆಲ್ಲ ನನ್ನದಾದರೂ ಬೆಳಗ್ಗೆ ಏಳುವಾಗ ಗೋಡೆಗೇ ಅಂಟಿಕೊಂಡಿದ್ದೆ. ಅಭ್ಯಾಸ.

ಡಿಸೆಂಬರ್ 28, ಶನಿವಾರ

ನಿದ್ದೆ ಸರಿಯಿಲ್ಲ. ಮನೆ ತೀರಾ ನಿಶ್ಶಬ್ದ. ಗೊರಕೆಯ ಸದ್ದಿಗೆ ಇಷ್ಟು ವರ್ಷ ಬೈದುಕೊಂಡೇ ಮಲಗುತ್ತಿದ್ದೆ; ಬೈಯಲು ಏನೂ ಇಲ್ಲದಿದ್ದರೆ ಕಣ್ಣು ಮುಚ್ಚುವುದೂ ಕಷ್ಟ. ಇದೂ ದಿಂಬಿನ ದೋಷವೇ ಇರಬೇಕು. ಈಗ ಸೀರೆ ಮಡಚಿ ಇಟ್ಟುಕೊಂಡಿದ್ದೇನೆ.

ರವಿಕೆಯ ತೋಳು ಕೂಡಿಸಲು ಬಗ್ಗಿದರೆ ಕಣ್ಣಲ್ಲಿ ನೀರು ಬರುತ್ತದೆ. ಮತ್ತೆ ಮೀನಾಕ್ಷಿ ಮೇಡಂ ಹತ್ತಿರ ಹೋದೆ. ಅವರು ಬೈದರು. "ಮನೇಲಿ ಪ್ರಯೋಗ ಸಾಕು ಮಾಡ್ರಿ. ದುರ್ಗಕ್ಕೆ ಹೋಗಿ ಅಂಗಡೀಲಿ ಮಲಗಿ ನೋಡಿ ತಗಳ್ರಿ. ಒಬ್ರೇ ಹೋಗಬೇಡಿ. ಮಲಗಿದಾಗ ಕುತ್ತಿಗೆ ಬೆನ್ನು ಒಂದೇ ಗೆರೇಲಿ ಐತಾ ಅಂತ ಹಿಂದೆ ನಿಂತು ನೋಡೋರು ಬೇಕು. ಯಜಮಾನ್ರನ್ನ ಕರ್ಕಂಡು ಹೋಗಿ."

ಮೋನಿಕಾಗೆ ಪರೀಕ್ಷೆಯಂತೆ. ಅತ್ತೆಗೆ ಬಸ್ಸು ಆಗುವುದಿಲ್ಲ. ಅತ್ತೆ ರೊಪ್ಪದ ಕಡೆ ಹೋದರು. ಅಲ್ಲಿ ಏನು ಹೇಳಿದರೋ ಆ ದೇವರಿಗೇ ಗೊತ್ತು.

ಜನವರಿ 4, ಶನಿವಾರ

ಇವತ್ತಿನದು ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ದಿಂಬು ಸಿಕ್ಕಿತು.

ಬೆಳಗ್ಗೆ ಇವರು ಬಿಳಿ ಪಂಚೆ ಉಟ್ಟು, ಹೆಗಲಿಗೆ ಟವಲ್ ಹಾಕಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದರು. ಬಸ್ಸಿನಲ್ಲಿ ನಾನು ಹೆಂಗಸರ ಸೀಟಿನಲ್ಲಿ, ಇವರು ಹಿಂದೆ. ಎರಡು ಟಿಕೆಟ್ ಇವರೇ ತೆಗೆದರು. ಕಂಡಕ್ಟರು "ಇನ್ನೊಂದು ಯಾರಿಗೆ?" ಎಂದು ಕೇಳಿದ್ದಕ್ಕೆ ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ನನ್ನ ಕಡೆ ಗದ್ದ ತೋರಿಸಿದರಂತೆ. ನನಗೆ ತಿರುಗಲು ಆಗುವುದಿಲ್ಲವಲ್ಲ, ಆಮೇಲೆ ಪಕ್ಕದವಳು ಹೇಳಿದಳು.

ಅಂಗಡಿ ದೊಡ್ಡದು. ರಸ್ತೆಯ ಕಡೆ ಇಡೀ ಗೋಡೆ ಗಾಜು. ಅದರ ಪಕ್ಕದಲ್ಲೇ ಮಲಗಿ ನೋಡುವ ಮಂಚ. ಅಂಗಡಿಯವನು ದಿಂಬು ತಂದು ಸಾಲಾಗಿ ಇಟ್ಟ. ಇವರು ಒಂದೊಂದರ ಬೆನ್ನಿನ ಮೇಲೂ ಹೆಬ್ಬೆರಳು ಊರಿ, ಸಂತೆಯಲ್ಲಿ ಕುರಿಯ ಕೊಬ್ಬು ನೋಡುವ ಹಾಗೆ ಒತ್ತಿ ನೋಡತೊಡಗಿದರು. ಒಂದನ್ನು ಎತ್ತಿ ತೂಗಿದರು. ಇನ್ನೇನು ಬಾಯಿ ತೆರೆದು ಹಲ್ಲು ನೋಡುತ್ತಾರೆ ಎಂದು ನನಗೆ ಭಯ.

ನಾನು ಎಡ ಮಗ್ಗುಲಾಗಿ ಮಲಗಿದೆ. ಮುಖ ನೇರ ರಸ್ತೆಗೆ. ಗಾಜಿನ ಆಚೆ ಕಡಲೆಕಾಯಿ ಮಾರುವವಳು, ಇಬ್ಬರು ಕಾಲೇಜು ಹುಡುಗಿಯರು, ಒಂದು ಆಟೋದ ತುಂಬ ಜನ ನಿಂತು ನನ್ನನ್ನು ನೋಡುತ್ತಿದ್ದರು. ಇವರು ನನ್ನ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಬೇಲಿ ಗೂಟ ನೆಟ್ಟಗಿದೆಯೇ ಎಂದು ನೋಡುವ ಹಾಗೆ ನೋಡಿ, ಅಂಗಡಿಯವನಿಗೆ ಕೈಯಲ್ಲೇ 'ಎತ್ತರ ಜಾಸ್ತಿ' ಎಂದು ತೋರಿಸಿದರಂತೆ. ಇನ್ನೊಂದು ದಿಂಬು ಬಂತು. ಅದು ಕಮ್ಮಿ. ಮತ್ತೊಂದು. ಆಗ ಕತ್ತಿನ ಮೇಲೆ ಬಿದ್ದಿದ್ದ ನನ್ನ ಜಡೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಗೆರೆ ಸರಿಯಾಗಿ ಕಾಣಲೆಂದು. ಬೇರೇನಿಲ್ಲ.

"ಈಗ ಆ ಮಗ್ಗುಲು ಒಂದ್ಸಲ ನೋಡಿ ಮೇಡಂ," ಎಂದ ಅಂಗಡಿಯವನು.

ಕುತ್ತಿಗೆ ತಿರುಗದ್ದಕ್ಕೆ ಇಡೀ ಮೈಯನ್ನೇ ತೊಲೆ ಹೊರಳಿಸಿದ ಹಾಗೆ ಹೊರಳಿಸಿದೆ. ಎದುರಿಗೆ ಇವರ ಮುಖ, ಒಂದು ಮೊಳ ದೂರದಲ್ಲಿ. ಪಾಡ್ಯದಿಂದ ಈಚೆಗೆ ಇಷ್ಟು ಹತ್ತಿರದಿಂದ ನೋಡಿರಲಿ‌ಲ್ಲ. ಕಣ್ಣಿನ ಕೆಳಗೆ ಕಪ್ಪಾಗಿದೆ. ಗದ್ದದಲ್ಲಿ ಬಿಳಿ ಕೂದಲು ಹೆಚ್ಚಾಗಿದೆ. ರೊಪ್ಪದಲ್ಲಿ ನಿದ್ದೆ ಬರುವುದಿಲ್ಲವೇನೋ. ನನಗೇನು. ದಿಂಬು ಮಾತ್ರ ಚೆನ್ನಾಗಿತ್ತು.

ಆಮೇಲೆ ಆದದ್ದೇ ಅವಮಾನ. ಕುರಿ ಸಂತೆಯಲ್ಲಿ ದರವನ್ನು ಬಾಯಲ್ಲಿ ಹೇಳುವುದಿಲ್ಲ. ಕೊಡುವವನು ಕೊಳ್ಳುವವನು ಇಬ್ಬರೂ ಟವಲಿನ ಕೆಳಗೆ ಕೈ ಇಟ್ಟು, ಬೆರಳು ಹಿಡಿದು ಹಿಡಿದೇ ಚೌಕಾಸಿ ಮಾಡುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಇವರು ಅದೇ ಗುಂಗಿನಲ್ಲಿ ಹೆಗಲ ಟವಲ್ ತೆಗೆದು ಅಂಗಡಿಯವನ ಕೈಮೇಲೆ ಹೊದಿಸಿ, ಒಳಗೆ ಅವನ ಬೆರಳು ಹಿಡಿದುಕೊಂಡರು. ಅವನು ಕುರ್ಚಿಯಿಂದ ಹಾರಿ, "ಏನ್ರೀ ಇದು, ಏನ್ ಮಾಡ್ತಿದೀರಿ! ಇಲ್ಲಿ ಫಿಕ್ಸೆಡ್ ರೇಟು!" ಎಂದು ಕೂಗಿದ. ಗಾಜಿನ ಆಚೆ ಆಟೋ ಜನ ಇನ್ನೂ ಹತ್ತಿರ ಬಂದರು.

ಮರ್ಯಾದೆ ಉಳಿಸಬೇಕಿತ್ತು. ನಾನೂ ಕುರಿ ವ್ಯಾಪಾರದವರ ಮಗಳು. ಇವರ ಟವಲಿನ ಕೆಳಗೆ ನಾನೇ ಕೈ ಹಾಕಿ, ಇಲ್ಲಿ ಬಿಡುವುದಿಲ್ಲ, ಕೇಳಿದಷ್ಟು ಕೊಟ್ಟುಬಿಡಿ ಎಂದು ಬೆರಳಲ್ಲೇ ತಿಳಿಸಿದೆ. ಅಷ್ಟಕ್ಕೆ ಕೈ ತೆಗೆಯಬಹುದಿತ್ತು. ಇವರು ಒಂದು ಬೆರಳು ಹಿಡಿದುಕೊಂಡು ಕಮ್ಮಿಗೆ ಕೇಳಿದರು. ನಾನು ಎರಡು ಬೆರಳು ಮಡಚಿ ಆಗುವುದಿಲ್ಲ ಎಂದೆ. ಅಂಗಡಿಯವನು ಬಿಲ್ ಬರೆದು, ದಿಂಬು ಕಟ್ಟಿ, ಟೇಪು ಅಂಟಿಸಿದರೂ ನಮ್ಮ ವ್ಯಾಪಾರ ಮುಗಿದಿರಲಿಲ್ಲ. ಮಾತು ಮಾತ್ರ ಒಂದೂ ಆಡಲಿಲ್ಲ. ನನ್ನ ಹಟ ಹಾಗೇ ಇದೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಬೇರೆ ಸೀಟು ಇರಲಿಲ್ಲ, ಒಂದೇ ಕಡೆ ಕೂರಬೇಕಾಯಿತು. ಹಿಂದೆ ಖಾಲಿ ಇದ್ದದ್ದು ಇಳಿಯುವಾಗ ಕಂಡಿತು.

ಮನೆಗೆ ಬಂದರೆ ಅತ್ತೆ ಹೇಳಿದರು: ಚಿರತೆ ಬೋನಿಗೆ ಬಿತ್ತಂತೆ, ರೊಪ್ಪದಲ್ಲಿ ಮಲಗುವ ಅಗತ್ಯ ಇಲ್ಲವಂತೆ. ಯಾರು ಬೋನು ಇಟ್ಟರು, ಯಾವಾಗ ಇಟ್ಟರು ಎಂದು ನಾನು ಕೇಳಲಿಲ್ಲ. ಇವರೂ ಕೇಳಲಿಲ್ಲ. ಚಾಪೆ ಸುತ್ತಿಕೊಂಡು ಒಳಗೆ ಬಂದರು.

ಜನವರಿ 5, ಭಾನುವಾರ

ಒಳ್ಳೆಯ ನಿದ್ದೆ. ನೋವು ಕಮ್ಮಿ. ಕಾಸಿಗೆ ತಕ್ಕ ಕಜ್ಜಾಯ, ದಿಂಬೆಂದರೆ ಹೀಗಿರಬೇಕು.

ಗೊರಕೆ ಜೋರು.

ಜನವರಿ 12, ಭಾನುವಾರ

ಅತ್ತೆ ಹಟ್ಟಿಯಲ್ಲಿ ಇವರಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು: "ರಾತ್ರಿಯೆಲ್ಲ ನಿನ್ನ ಹೆಸರೇ ಕನವರಿಸ್ತಾಳೆ ಕಣೋ. ನನಗೇ ನಾಚಿಕೆ ಆಗ್ತೈತೆ."

ಮುದುಕಿಗೆ ನರಕವೇ ಗತಿ! ಹೊರಗೆ ಹೋಗಿ ಅಲ್ಲ ಎನ್ನಬೇಕೆಂದು ಎದ್ದೆ. ಆಮೇಲೆ ಹಾಲು ಉಕ್ಕುತ್ತಿತ್ತು, ಹೋಗಲಿಲ್ಲ.

ಅತ್ತೆ ನಾನು ಬಿಟ್ಟ ದಿಂಬನ್ನೆಲ್ಲ ಒಟ್ಟಿಕೊಂಡು ದುರ್ಗದ ಪಾಳೇಗಾರನ ಹಾಗೆ ಒರಗಿ ಎಲೆ ಅಡಿಕೆ ಹಾಕುತ್ತಾರೆ. ಅವರ ಕುತ್ತಿಗೆಗೆ ಯಾವ ನೋವೂ ಇಲ್ಲ.

ಜನವರಿ 15, ಬುಧವಾರ

ಬೆಳಗ್ಗೆ ಎಚ್ಚರವಾದಾಗ ಇವರು ಮಲಗಿರುವುದು ಕಾಣಿಸಿತು. ಬಾಯಿ ತೆರೆದುಕೊಂಡು ಮಲಗುತ್ತಾರೆ, ಮೊದಲಿನಿಂದಲೂ ಹಾಗೇ. ಸ್ವಲ್ಪ ಹೊತ್ತು ನೋಡಿದೆ, ಹೊರಗೆ ಹಾಲಿನವನು ಕೂಗಿದಾಗ ಎದ್ದೆ.

ಸಂಕ್ರಾಂತಿ ಆಯಿತು. ಸೋಮವಾರ ಮಂದೆ ಎಬ್ಬಿಸುತ್ತಾರಂತೆ. ಇನ್ನೂ ತಪ್ಪಾಯಿತು ಅಂದಿಲ್ಲ.

ಜನವರಿ 19, ಭಾನುವಾರ

ಬುತ್ತಿಗೆ ರೊಟ್ಟಿ ಸುಟ್ಟೆ, ಗುರೆಳ್ಳು ಚಟ್ನಿಪುಡಿ ಕುಟ್ಟಿದೆ. ಇವರು ನಾಲ್ಕು ಸಲ ಅಡುಗೆಮನೆ ಬಾಗಿಲಿಗೆ ಬಂದರು. ಎರಡು ಸಲ ನೀರು, ಒಂದು ಸಲ ಬೆಂಕಿಪೊಟ್ಟಣ. ಬೀಡಿ ಬಿಟ್ಟು ವರ್ಷವಾಯಿತು, ಬೆಂಕಿಪೊಟ್ಟಣ ಯಾಕೋ. ನಾಲ್ಕನೇ ಸಲ ಬಂದು ಸುಮ್ಮನೆ ನಿಂತು ಹೋದರು. ಅವರಿಗೂ ಗಂಟಲಲ್ಲಿ ಏನೋ ಇದೆ. ನನಗೂ ಇದೆ. ಇಬ್ಬರಲ್ಲಿ ಒಬ್ಬರು ಕೆಮ್ಮಿದರೆ ಸಾಕು ಹೊರಗೆ ಬಂದುಬಿಡುತ್ತದೆ, ಆದರೆ ಇಬ್ಬರೂ ಕೆಮ್ಮಲಿಲ್ಲ.

ನಾಳೆ ಹೇಳಬೇಕೋ ಬೇಡವೋ. ಹೇಳಿದರೆ ಸೋತೆ. ಹೇಳದಿದ್ದರೆ ಬಯಲಲ್ಲಿ ಇವರಿಗೆ ಏನಾದರೂ ಆದರೆ? ಭಯವಾಗುತ್ತಿದೆ, ಸುಳ್ಳು ಯಾಕೆ ಹೇಳಲಿ.

ಜನವರಿ 20, ಸೋಮವಾರ

ಬೀದಿಯೆಲ್ಲ ರೊಪ್ಪದ ಮುಂದೆ ಸೇರಿತ್ತು. ಮಿಕ್ಕ ಕುರಿಗಾರರ ಹೆಂಡಿರು ಹೇಳಿ ಮುಗಿಸಿದ್ದರು. ಕುರಿಗಳು ಒಂದರ ಮೇಲೊಂದು ಏರಿ ಅರಚುತ್ತಿದ್ದವು. ಇವರು ಹೆಗಲಿಗೆ ಕಂಬಳಿ, ಕೈಯಲ್ಲಿ ಕೋಲು ಹಿಡಿದು ನನ್ನನ್ನೇ ನೋಡುತ್ತಾ ನಿಂತಿದ್ದರು. ನಾನು ಬಾಯಿ ತೆರೆದೆ. ಬರಲಿಲ್ಲ. ತಿರುಗಿ ಮನೆಯೊಳಗೆ ಓಡಿದೆ. ಹಿಂದೆ ಬೀದಿಯೆಲ್ಲ ಗುಸುಗುಸು ಎಂದಿತು, "ಹೋದಳಲ್ಲಪ್ಪ!" ಎಂದು ಯಾರೋ ಅಂದರು.

ದುರ್ಗದ ದಿಂಬನ್ನು ಎದೆಗೆ ಅವಚಿಕೊಂಡು ಹೊರಗೆ ಬಂದು ಇವರ ಕೈಗೆ ತುರುಕಿದೆ.

"ತಗಂಡ್ ಹೋಗ್ರಿ. ಬಯಲಾಗೆ ಕಲ್ಲು ಇಟ್ಕಂಡು ಮಲಗ್ತೀರಿ."

ಹೀಗೆ ನನ್ನ ಹಟ ಮುರಿಯಿತು, ದಿಂಬಿನ ನೆಪದಲ್ಲಿ. ಇವರು ದಿಂಬನ್ನು ನೋಡಿದರು, ನನ್ನನ್ನು ನೋಡಿದರು.

"ನಿನ್ನ ಕುತ್ತಿಗೆ ಗತಿ ಏನೇ?"

"ಸಾಯ್ಲಿ ಬಿಡ್ರಿ ಕುತ್ತಿಗೆ."

ಆಗ ಇವರು ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು, ಕುರಿಗಳನ್ನು ಕರೆಯುವ ದನಿಯಲ್ಲಿ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು: "ಅವತ್ತು ಇದೇ ಬೀದ್ಯಾಗೆ ಹಂಗ್ ಅನ್ನಬಾರ್ದಾಗಿತ್ತು ಕಣೇ ನೇತ್ರಿ. ತಪ್ಪಾತು. ಆ ಕಂಬಳಿ ನಿನಗೇ ಒಪ್ಪೋದು."

ಗೆದ್ದೆ. ಗೆದ್ದವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಇಷ್ಟು ದಿನ ಒಂದೇ ಮಂಚದಲ್ಲಿ ಮಗ್ಗುಲಲ್ಲೇ ಇದ್ದಾಗ ಆಡದ ಮಾತು, ಹೊರಡುವ ಹೊತ್ತಿಗೆ ಬಂದರೆ ಯಾವ ಪುರುಷಾರ್ಥಕ್ಕೆ? ಈಗ ಮುಂಗಾರಿನವರೆಗೆ ಯಾರ ಹತ್ತಿರ ಆಡಲಿ?

"ಹೇಳವ್ವ, ಕುರಿ ನಿಲ್ಲಲ್ಲ!" ಎಂದು ಎಲ್ಲರೂ ಕೂಗಿದರು. ಇವರ ಮುಖ ನೋಡಿ ಹೇಳಿದೆ: "ಹೋಗಿ ಬರ್ರಿ. ಬೇಗ ಬರ್ರಿ."

ಬೇಗ ಎನ್ನುವುದು ಪದ್ಧತಿಯಲ್ಲಿಲ್ಲ. ನಾನೇ ಸೇರಿಸಿದೆ.

ಮಂದೆ ತಿರುವಿನಲ್ಲಿ ಮರೆಯಾಗುವವರೆಗೆ ಕಂಕುಳಲ್ಲಿ ದಿಂಬಿನ ಬಿಳಿ ಕಾಣುತ್ತಿತ್ತು.

ಜನವರಿ 21, ಮಂಗಳವಾರ

ದಿಂಬಿಲ್ಲದೆ ಮಲಗಿದ್ದೆ. ಬಲ ಮಗ್ಗುಲಲ್ಲಿ ಎಚ್ಚರವಾಯಿತು. ಒಂದು ಕೈ ಆ ಕಡೆಯ ಖಾಲಿ ಜಾಗದ ಮೇಲಿತ್ತು. ನೋವು ಚೂರೂ ಇಲ್ಲ, ಕುತ್ತಿಗೆ ಎರಡು ಕಡೆಗೂ ತಿರುಗುತ್ತಿದೆ. ಹಾಗಾದರೆ ನನ್ನಂಥ ಕುತ್ತಿಗೆಗೆ ದಿಂಬೇ ಆಗಿಬರುವುದಿಲ್ಲವೆಂದು ಕಾಣುತ್ತದೆ. ಮೀನಾಕ್ಷಿ ಮೇಡಂಗೆ ಹೇಳಬೇಕು, ಅವರ ಪುಸ್ತಕದಲ್ಲಿ ಇದು ಇರಲಿಕ್ಕಿಲ್ಲ.

ಜನವರಿ 27, ಸೋಮವಾರ

ಬರೆಯಲು ಹೊತ್ತಿಲ್ಲ. ಬೆಳಗ್ಗೆ ಮಂದೆ ಮೇಯಲು ಬಿಟ್ಟ ಕೂಡಲೇ ನಮ್ಮವರು ಫೋನ್ ಮಾಡುತ್ತಾರೆ, ಮಧ್ಯಾಹ್ನ ಕುರಿ ನೆರಳಿಗೆ ಬಂದಾಗ ಇನ್ನೊಂದು ಸಲ. ಹೊಳಲ್ಕೆರೆ ಆಚೆ ಯಾರದೋ ಗದ್ದೆಯಲ್ಲಿ ಇದ್ದಾರೆ. ದಿಂಬಿನ ಮೇಲೆ ಮಲಗುವುದನ್ನು ನೋಡಿ ಜೊತೆಯವರೆಲ್ಲ 'ಸಾಹುಕಾರ' ಎಂದು ಕರೆಯುತ್ತಾರಂತೆ. ಪೈಲ್ವಾನನಿಗೆ ಉಣ್ಣೆ ಬರುತ್ತಿದೆಯಂತೆ, ಅದರ ಯೋಗಕ್ಷೇಮವನ್ನೂ ನಾನೇ ಕೇಳಿದೆ. ಪಾಡ್ಯದಿಂದ ಕೂಡಿಟ್ಟ ಮಾತೆಲ್ಲ ಇದೆ, ಇನ್ನೂ ಡಿಸೆಂಬರಿಗೆ ಬಂದಿಲ್ಲ.

ರವಿಕೆ ಹೊಲಿಯುವ ಕೈ ನಿಲ್ಲಿಸಲಾಗುವುದಿಲ್ಲವಲ್ಲ, ಫೋನನ್ನು ಎಡಗಿವಿಗೆ ಕೊಟ್ಟು ಭುಜದಿಂದ ಒತ್ತಿ ಹಿಡಿದುಕೊಂಡೇ ಮಾತಾಡುತ್ತೇನೆ, ಗಂಟೆಗಟ್ಟಲೆ.

ನೋವು: ಮತ್ತೆ ಶುರುವಾಗಿದೆ, ಅದೇ ಜಾಗದಲ್ಲಿ. ಇರಲಿ.